ಗೋಡೆಗೂ ತೊಲೆಗೂ ನಡುವೆ ಒಂದು ಗರಿ

ನಮ್ಮ ಕೊಬ್ಬರಿ ಅಟ್ಟದ ನಡುತೊಲೆ ಗೋಡೆಯ ಮೇಲೆ ಕೂರುವ ಕಡೆ, ಮರಕ್ಕೂ ಕಲ್ಲಿಗೂ ಮಧ್ಯೆ ಒಂದು ತೆಂಗಿನ ಗರಿಯ ಚೂರು ಸಿಕ್ಕಿಕೊಂಡಿದೆ. ರಜೆಗೆ ಬಂದಾಗಲೆಲ್ಲ ನಿಮ್ಮಲ್ಲಿ ಯಾರಾದರೂ ಜಗಲಿ ಹತ್ತಿ ಅದನ್ನು ಎಳೆಯಲು ಹೋಗುತ್ತೀರಿ, ನಾನು ಗದರುತ್ತೇನೆ. ಬೇರೆ ಯಾವುದಕ್ಕೂ ಗದರದ ಅಜ್ಜಿ ಇದಕ್ಕೇಕೆ ಗದರುತ್ತಾಳೆ ಎಂದು ನೀವು ನಗುವುದನ್ನೂ ಕೇಳಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ನನ್ನ ಮುಖ ನೋಡಿದರೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತದ್ದು ಇಂಥ ಹೊತ್ತಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಪಟ್ಟಣದಲ್ಲಿ ಬೆಳೆಯುತ್ತಿರುವ ನಿಮಗೆ ಮೊದಲು ಅಟ್ಟದ ವಿಷಯ ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಮಟ್ಟೆಯ, ಅಂದರೆ ಹೊರಗಿನ ನಾರಿನ ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಇರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಇಳಿಸಿ ಸುಲಿಸುತ್ತೇವೆ. ಆಗ ಸಿಗುವುದೇ ಉಂಡೆ ಕೊಬ್ಬರಿ. ತಿಪಟೂರಿನ ಮಾರುಕಟ್ಟೆಗೆ ಹೋಗುವುದು ಅದು.

ಅಟ್ಟವನ್ನು ಕಟ್ಟಿಸಿದವರು ನಿಮ್ಮ ತಾತ. ಮೂರು ಉದ್ದನೆಯ ತೊಲೆಗಳು. ಅವುಗಳ ಒಳತುದಿ ಮನೆಯ ಹಿಂಗೋಡೆಯ ಕಲ್ಲಿನ ಮೇಲೆ ಕೂತಿದೆ, ಅದರ ಕೆಳಗೇ ಹಿತ್ತಿಲಿನ ಜಗಲಿ. ಗೋಡೆಯಿಂದ ಎಂಟಡಿ ಆಚೆ ಕಂಬಗಳ ಸಾಲು. ಕಂಬಗಳನ್ನು ದಾಟಿ ತೊಲೆಗಳು ಅಂಗಳದ ಮೇಲೆ ಇನ್ನೂ ಐದಡಿ ಮುಂದಕ್ಕೆ ಹೋಗಿವೆ. ಆ ಹೊರತುದಿಗೆ ಆಗ ಕೆಳಗೆ ಏನೂ ಆಧಾರವಿರಲಿಲ್ಲ. ಹೊಸದಾಗಿ ಕಿತ್ತ ಕಾಯಿಗೆ ಗಾಳಿ, ಬಿಸಿಲು ಬೇಕು. ಆದ್ದರಿಂದ ಹಸಿಕಾಯಿ ಯಾವಾಗಲೂ ಹೊರತುದಿಯ ಮೇಲೆ. ಒಣಗಿದ ಕಾಯಿ ಗೋಡೆಯ ಪಕ್ಕ. ಏಣಿಯೂ ಕಾಯಿ ಇಳಿಸುವ ಕಂಡಿಯೂ ಗೋಡೆಯ ಪಕ್ಕವೇ. ‘ಹಸಿ ಹೊರಗೆ, ಒಣ ಒಳಗೆ’ ಎಂದು ನಿಮ್ಮ ತಾತ ಹೇಳುತ್ತಿದ್ದರು. ಒಣಗಿದ್ದನ್ನೆಲ್ಲ ಇಳಿಸಿದ ಮೇಲೆ ಹೊರತುದಿಗೆ ಹೋಗಿ ಹಸಿಕಾಯನ್ನು ಒಳಕ್ಕೆ ದೂಕುವುದು, ಖಾಲಿಯಾದ ತುದಿಗೆ ಮತ್ತೆ ಹೊಸಕಾಯಿ ಹಾಕುವುದು. ಅವರು ತೀರಿಕೊಂಡ ಮೇಲೆ ನನ್ನ ಮಗ, ನಿಮಗೆಲ್ಲ ದೊಡ್ಡಪ್ಪ, ಅದನ್ನೇ ಒಂದಿಷ್ಟೂ ಬದಲಿಸದೆ ನಡೆಸಿಕೊಂಡು ಬಂದ.

ಅವನು ಬದಲಿಸಿದ್ದು ಚಾವಣಿಯೊಂದನ್ನೇ. ಹೆಂಚು ಸೋರುತ್ತಿತ್ತು. ನಾನು ಹೇಳಹೊರಟ ವರ್ಷದ ಬೇಸಿಗೆಯಲ್ಲಿ ಹೆಂಚು ಇಳಿಸಿ, ಅದನ್ನು ಹೊತ್ತಿದ್ದ ಮಣ್ಣಿನ ಮೇಲ್ಗೋಡೆಯನ್ನೂ ಬಿಚ್ಚಿಸಿ, ಕಬ್ಬಿಣದ ಪೈಪಿನ ಮೇಲೆ ಎತ್ತರಕ್ಕೆ ಶೀಟು ಹಾಕಿಸಿದ. ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಬೀಳಲಿಲ್ಲ. ನಾವೆಲ್ಲ ಖುಷಿಪಟ್ಟೆವು.

ಅವನ ಮಗಳು, ನಿಮ್ಮೆಲ್ಲರಿಗಿಂತ ದೊಡ್ಡವಳಾದ ನಿಮ್ಮಕ್ಕ, ಆಗ ತಿಪಟೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಳು, ಸಿವಿಲ್. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವಳು. ಕಾಯಿ ಇಳಿಸುವ ಹಿಂದಿನ ಸಂಜೆ ಬಂದವಳೇ ಬ್ಯಾಗು ಎಸೆದು ಅಳತೆ ಟೇಪು ತಂದಳು.

“ಅಜ್ಜಿ, ಈ ತುದಿ ಹಿಡ್ಕೊ.”

“ಏನಕ್ಕೇ?”

“ಮನೇಲಿರೋ ಯಾವ್ದಾದ್ರೂ ಫ್ರೇಮ್ ಅಳ್ಕಂಡು ರಿಯಾಕ್ಷನ್ ಲೆಕ್ಕ ಮಾಡ್ಕಂಡ್ ಬನ್ನಿ ಅಂದವ್ರೆ ಮೇಷ್ಟ್ರು. ಎಲ್ರೂ ಬಸ್ ಸ್ಟಾಂಡ್ ಶೆಡ್ಡು ಬರೀತಾರೆ. ನಾನು ನಮ್ಮಟ್ಟ ಬರೀತೀನಿ.”

ಟೇಪು ಹಿಡಿದುಕೊಂಡೇ ಅವಳಿಂದ ಕೇಳಿ ತಿಳಿದೆ. ಕಂಬ, ತೊಲೆ ಸೇರಿ ನಿಂತದ್ದು ಫ್ರೇಮ್. ಮೇಲಿನ ಭಾರ ಕೆಳಕ್ಕೆ ಒತ್ತುತ್ತದೆ. ಕೆಳಗಿರುವ ಗೋಡೆ, ಕಂಬಗಳು ಅದನ್ನು ಮೇಲಕ್ಕೆ ಒತ್ತಿ ಹಿಡಿಯುತ್ತವೆ. ಹಾಗೆ ಹಿಡಿಯುವ ಬಲಕ್ಕೆ ರಿಯಾಕ್ಷನ್ ಎನ್ನುತ್ತಾರೆ. ಗೋಡೆಯ ಪಾಲಿಗೆ ಎಷ್ಟು, ಕಂಬದ ಪಾಲಿಗೆ ಎಷ್ಟು ಎಂದು ಹಂಚುವುದೇ ಲೆಕ್ಕ. ಹಂಚುವಾಗ ಭಾರ ಎಷ್ಟಿದೆ ಎನ್ನುವುದರ ಜೊತೆಗೆ ಅದು ಆಧಾರದಿಂದ ಎಷ್ಟು ದೂರ ಇದೆ ಎನ್ನುವುದನ್ನೂ ಗುಣಿಸಬೇಕು.

“ಏತದ ಥರ,” ಎಂದೆ. ನನ್ನ ತವರಿನ ಬಾವಿಯಲ್ಲಿ ಏತವಿತ್ತು. ಏತದ ಮರದ ಮೇಲೆ ನಡುಗಂಬದಿಂದ ದೂರ ಹೋದಷ್ಟೂ ಒಬ್ಬನೇ ಮನುಷ್ಯ ಇಬ್ಬರಷ್ಟು ತೂಗುತ್ತಿದ್ದ.

“ಅದೇ ಕಣಜ್ಜಿ! ಇಷ್ಟನ್ನ ಹೇಳಕ್ಕೆ ಮೇಷ್ಟ್ರು ಒಂದು ವಾರ ತಗಂಡ್ರು,” ಎಂದು ನಕ್ಕಳು.

ಮುದ್ದೆಗೆ ಎಸರಿಟ್ಟು ನಾನು ಒಲೆಯ ಮುಂದೆ ಕೂತೆ, ಅವಳು ಬಾಗಿಲ ಬಳಿ ಹಾಳೆ ಹರಡಿಕೊಂಡು ಕೂತಳು. ಮೊದಲು ಅಟ್ಟ ತುಂಬಿದ್ದಾಗಿನ ಲೆಕ್ಕ. ಕಂಬಕ್ಕೆ ಬಹಳ ಭಾರ, ಗೋಡೆಗೆ ಸ್ವಲ್ಪವೇ ಎಂದು ಬಂತು. ಆಮೇಲೆ ಪೆನ್ಸಿಲ್ ಕಚ್ಚಿಕೊಂಡು, “ನಾಳೆ ಒಣಕಾಯೆಲ್ಲ ಇಳಿಸ್ತಾರಲ್ಲ, ಹಸೀದೊಂದೇ ತುದೀಲಿರ್ತದೆ. ಅದ್ನೂ ಮಾಡಾಣ,” ಎಂದಳು. ಮಾಡಿದಳು. ಅಳಿಸಿದಳು. ಮತ್ತೆ ಮಾಡಿದಳು. ತೊಲೆಗಳ ತೂಕ, ಅವುಗಳ ಮೇಲೆ ಹಾಸಿದ ಅಡಿಕೆ ದಬ್ಬೆಗಳ ತೂಕ ಸೇರಿಸಿ ಮತ್ತೊಮ್ಮೆ ಮಾಡಿದಳು. ಗೋಡೆಯ ಪಾಲಿನ ಹಿಂದೆ ಒಂದು ಅಡ್ಡಗೆರೆ ಮಾತ್ರ ಹೋಗಲಿಲ್ಲ.

“ಏನೇ ಅದು ಗೆರೆ?”

“ಮೈನಸ್ಸು. ಎಲ್ಲೋ ತಪ್ಪಾಗದೆ ಅಜ್ಜಿ. ಮೈನಸ್ ಅಂದ್ರೆ ಗೋಡೆ ತೊಲೇನ ಹೊರೋದು ಬುಟ್ಟು ಕೆಳಕ್ಕೆ ಎಳೀಬೇಕು. ಗೋಡೆ ಎಲ್ಲಾದ್ರೂ ಎಳೀತದಾ?”

ಅಷ್ಟರಲ್ಲಿ ನನ್ನ ಮಗ ಕೈಕಾಲು ತೊಳೆದು ಒಳಗೆ ಬಂದ. “ಏನವ್ವಾ ಇಂಜಿನಿಯರಮ್ಮ, ಅಟ್ಟ ನಿಂತದಾ, ಬಿದ್ದೋಯ್ತಾ?”

“ಅಪ್ಪಾ, ನಾಳೆ ಒಂದಿನ ಇಳಿಸ್ಬೇಡ. ಮೇಷ್ಟ್ರುನ್ನ ಕೇಳ್ಕಂಡ್ ಬತ್ತೀನಿ.”

“ಸುಲಿಯೋರು ನಾಳೆ ಬತ್ತಾವ್ರೆ. ಕೈ ಬುಟ್ರೆ ಇನ್ನೊಂದು ತಿಂಗ್ಳು ಸಿಗಲ್ಲ. ನಿಮ್ ತಾತ ಕಟ್ಟಿದ್ ಅಟ್ಟ ಕಣವ್ವಾ ಇದು, ನೀನ್ ಹುಟ್ಟೋಕ್ ಮುಂಚಿಂದ ನಿಂತದೆ. ನಿನ್ ಲೆಕ್ಕನೇ ಇನ್ನೊಂದ್ಸಲ ನೋಡ್ಕ.”

ಅವಳ ಮುಖ ಸಣ್ಣದಾಯಿತು. ನಾನು ಮುದ್ದೆ ತಿರುವಿದೆ. ಅಟ್ಟದ ವಿಚಾರದಲ್ಲಿ ಮಾತಾಡಿದರೆ ತೀರಿಹೋದವರ ಕೆಲಸಕ್ಕೆ ಹೆಸರಿಟ್ಟ ಹಾಗಾಗುತ್ತದೆ ಎನ್ನಿಸಿತು.

ಬೆಳಿಗ್ಗೆ ಸೊಸೆ ಮನೆಯಲ್ಲಿರಲಿಲ್ಲ, ಬೋರನಕಣಿವೆ ಕಡೆಯ ತನ್ನ ತವರಿಗೆ ಹೋಗಿದ್ದಳು. ನಿಮ್ಮಕ್ಕ ಬಸ್ಸಿಗೆ ಹೊರಡುವಾಗ ಒಂದು ತೆಂಗಿನ ಗರಿ ತಂದು, ಅದರ ಕಡ್ಡಿ ಸೀಳಿ ತೆಗೆದು, ತೆಳ್ಳಗಿನ ಎಲೆಯನ್ನು ನನ್ನ ಕೈಗೆ ಕೊಟ್ಟಳು.

“ನಡುತೊಲೆ ಕೆಳಗೆ ಇದನ್ನ ಆಗಾಗ ತೂರ್ಸಿ ನೋಡ್ತಿರಜ್ಜಿ. ತೊಲೆ ಗೋಡೆ ಮೇಲೆ ಭಾರ ಹಾಕಿದ್ರೆ ಇದು ನುಗ್ಗಲ್ಲ. ಪೂರ್ತಿ ನುಗ್ತು ಅಂದ್ರೆ ನನ್ ಲೆಕ್ಕ ಸರಿ ಅಂತ. ಆಗ ಅಪ್ಪನ್ನ ತುದಿಗೆ ಹೋಗಕ್ ಬುಡಬೇಡ.”

“ನಾನೇನ್ ಹೇಳ್ಳೇ ಅವನಿಗೆ, ಆ ಜನದ್ ಮುಂದೆ?”

“ಕೂಗಜ್ಜಿ!” ಎಂದು ಓಡಿದಳು.

ಕೂಗು ಎಂದಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ಅಂಗಳದಲ್ಲಿ ನಿಂತು ಯಾರನ್ನೂ ಕೂಗಿದವಳಲ್ಲ. ದನ ಬಿಚ್ಚಿಕೊಂಡು ಹೋದರೂ ಓಡಿಹೋಗಿ ಹಿಡಿಯುತ್ತಿದ್ದೆ.

ಸುಲಿಯುವವರು ಕಂದಿಕೆರೆ ಕಡೆಯ ಗಂಡ ಹೆಂಡತಿ, ವರ್ಷವೂ ಬರುವವರು. ಅಟ್ಟದ ಹೊರತುದಿಯ ಕೆಳಗೆ ಒಳ್ಳೆಯ ನೆರಳು ಬೀಳುತ್ತಿತ್ತು. ಗಂಡ ಅಲ್ಲಿ ಸುಲಿಯುವ ಗೂಟ ನೆಟ್ಟು ಕೂತ. ನನ್ನ ಮಗ ಏಣಿ ಹತ್ತಿ, ಗೋಡೆಯ ಪಕ್ಕದ ಒಣಕಾಯನ್ನು ಕಂಡಿಯಿಂದ ಕೆಳಗೆ ಹಾಕತೊಡಗಿದ. ಹೆಂಡತಿ ಅದನ್ನು ಮಂಕರಿಗೆ ತುಂಬಿಕೊಂಡು ಗಂಡನ ಮುಂದೆ ಸುರಿಯುವಳು. ಗಡಗಡ, ದಡದಡ ಸದ್ದು. ನಾನು ಸೆರಗು ಹೊದ್ದು ಜಗಲಿ ಹತ್ತಿ ಗರಿ ತೂರಿಸಿ ನೋಡಿದೆ. ಉಗುರಿನಷ್ಟು ಹೋಗಿ ನಿಂತಿತು. ಸಮಾಧಾನವಾಯಿತು. ಒಳಗೆ ಹೋಗಿ ಹುರುಳಿಕಾಳು ನೆನೆಯಿಟ್ಟೆ.

ಮತ್ತೆ ಬಂದು ನೋಡಿದಾಗ ಅಟ್ಟದ ಒಳಭಾಗ ಅರ್ಧ ಖಾಲಿಯಾಗಿತ್ತು. ಗರಿ ಇನ್ನೂ ಸ್ವಲ್ಪ ಒಳಗೆ ಹೋಯಿತು. ಬೆರಳಿನ ಒಂದು ಗೆಣ್ಣಿನಷ್ಟು ಇರಬಹುದು. ಹೊರಗೆಳೆದು ಮತ್ತೆ ತೂರಿಸಿದೆ, ಅಷ್ಟೇ ಹೋಯಿತು.

ಆ ಹೆಂಗಸು ಮಂಕರಿ ಇಳಿಸಿ ನನ್ನನ್ನೇ ನೋಡುತ್ತಿದ್ದಳು. “ಏನ್ ಅಜ್ಜಮ್ಮಾರೆ, ತೊಲೆಗೆ ಹಲ್ಲುಜ್ತಾ ಇದ್ದೀರಾ?”

ಗಂಡ ನಗುತ್ತ, “ಸುಮ್ಕಿರೇ, ಅಜ್ಜಮ್ಮ ಗೆದ್ಲು ನೋಡ್ತಾವ್ರೆ,” ಎಂದ.

ಮೇಲಿನಿಂದ ನನ್ನ ಮಗನ ದನಿ, “ಅವ್ವಾ, ಏಣಿ ತಾವ್ ನಿಂತ್ಕಬೇಡ, ಕಾಯಿ ಬೀಳ್ತವೆ.”

ಹೇಳಬೇಕೆಂದು ಬಾಯಿ ತೆರೆದೆ. ಗರಿಯ ವಿಷಯ ಹೇಳಿದರೆ ಇವರಿಬ್ಬರೂ ನಗುತ್ತಾರೆ, ಮಗನಿಗೆ ಅವಮಾನವಾಗುತ್ತದೆ ಎನ್ನಿಸಿ ಮುಚ್ಚಿಕೊಂಡೆ. ಆಗಲೇ ಅಡುಗೆಮನೆಯಲ್ಲಿ ಫೋನು ಹೊಡೆದುಕೊಂಡಿತು. ಮಗ ಚಾರ್ಜಿಗೆ ಹಾಕಿ ಹೋಗಿದ್ದ. ನಾನು ಫೋನು ಎತ್ತುವವಳಲ್ಲ. ಆದರೆ ನಿಂತು ಮತ್ತೆ ಹೊಡೆದುಕೊಂಡಿತು. ಎತ್ತಿದೆ.

ನಿಮ್ಮಕ್ಕ. ಏದುಸಿರು ಬಿಡುತ್ತಿದ್ದಳು. “ಅಜ್ಜಿ, ಲೆಕ್ಕ ಸರಿಯಾಗದಂತೆ! ಮೈನಸ್ ಬಂದಿದ್ದು ತಪ್ಪಲ್ವಂತೆ. ಗೋಡೆ ಮೇಲಿರೋ ತೊಲೆ ತಲೆ ಮೇಲೇಳಕ್ಕೆ ನೋಡ್ತದೆ, ಗೋಡೆ ಒತ್ತಿ ಹಿಡ್ಕಂಡಿರ್ಬೇಕು ಅಂತ ಅರ್ಥ ಅಂತೆ. ಹಳೇ ಮನೇಲಿ ತೊಲೆ ಮೇಲೆ ಗೋಡೆ ಇರ್ತದೆ, ಆ ಗೋಡೆ ಭಾರನೇ ಒತ್ಕಂಡಿರ್ತದೆ, ಭಯ ಬೇಡ ಅಂದ್ರು ಮೇಷ್ಟ್ರು. ನಾನ್ ಮೇಲ್ ಹತ್ತಿ ನೋಡೇ ಇಲ್ಲ, ನಮ್ದ್ರ ಮೇಲೆ ಗೋಡೆ ಅದೆ ಅಲ್ವಾ?”

ನಿಮ್ಮ ತಾತ ಕಟ್ಟಿಸಿದಾಗ ತೊಲೆಗಳ ತಲೆಯ ಮೇಲೆ ಆಳೆತ್ತರದ ಮಣ್ಣಿನ ಗೋಡೆಯಿತ್ತು, ಅದರ ಮೇಲೆ ಹೆಂಚಿನ ಭಾರವಿತ್ತು. ಇಷ್ಟು ವರ್ಷ ತೊಲೆಗಳನ್ನು ಹಿಡಿದದ್ದು ಅದೇ. ಅದು ಹೋದ ಮೇಲೆ ಒಣಕಾಯಿ ಇಳಿಸುತ್ತಿರುವುದು ಇದೇ ಮೊದಲು.

“ಇಲ್ಲ ಕಣೇ,” ಎಂದೆ. “ಶೀಟ್ ಹಾಕ್ಸಿದಾಗ ಆ ಗೋಡೆ ತೆಗ್ಸಿದ್ವಲ್ಲ.”

ಅವಳು ಬಹಳ ಸಣ್ಣ ದನಿಯಲ್ಲಿ, “ಅಪ್ಪ ಎಲ್ಲವ್ರೆ?” ಎಂದಳು.

ಫೋನನ್ನು ಎಲ್ಲಿಟ್ಟೆನೋ ಗೊತ್ತಿಲ್ಲ. ಹಿತ್ತಿಲಿಗೆ ಬಂದು ಜಗಲಿ ಹತ್ತಿದೆ. ಗರಿಯನ್ನು ಒತ್ತಬೇಕಾಗಲೇ ಇಲ್ಲ. ಬೆಣ್ಣೆಗೆ ಇಟ್ಟ ಹಾಗೆ ಹೋಯಿತು. ತೊಲೆಗೂ ಕಲ್ಲಿಗೂ ನಡುವೆ ದಾರದಂಥ ಬೆಳಕಿನ ಗೆರೆ ಕಾಣುತ್ತಿತ್ತು. ತಲೆಯೆತ್ತಿದರೆ ತೊಲೆಯ ಮೇಲೆ ಏನೂ ಇಲ್ಲ, ಬರೀ ಶೀಟಿನ ಹೊಳಪು.

ಮೇಲೆ ನನ್ನ ಮಗ ಕೈ ಕೊಡವಿಕೊಳ್ಳುತ್ತ, “ಒಣಗಿದ್ದು ಮುಗೀತು. ಇನ್ನು ಹಸೀದನ್ನ ಒಳಕ್ಕೆ ದೂಕ್ತೀನಿ,” ಎಂದು ಕಂಬದ ಕಡೆಗೆ ಹೊರಟ. ಹೊರತುದಿಯಲ್ಲಿ ಹಸಿಕಾಯಿ ಗುಡ್ಡೆ. ಅದರ ನೇರ ಕೆಳಗೆ ಸುಲಿಯುವವನು ತಲೆ ಬಗ್ಗಿಸಿ ಕೂತಿದ್ದ, ಪಕ್ಕದಲ್ಲಿ ಹೆಂಡತಿ ಮಟ್ಟೆ ಒಟ್ಟುತ್ತಿದ್ದಳು.

ಕರೆದೆ. ದನಿ ಹೊರಡಲಿಲ್ಲ. ಮಗನ ಕಾಲ ಕೆಳಗೆ ದಬ್ಬೆ ಕಿರ್ ಎಂದಿತು.

“ನಿಂತ್ಕಳೋ ಲೋ ಮಗಾ!”

ಅಷ್ಟು ದೊಡ್ಡ ದನಿ ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ. ಸುಲಿಯುವವನ ಕೈ ನಿಂತಿತು. ಮಗ ತಿರುಗಿ ನೋಡಿದ. “ಏನವ್ವಾ? ಹಾವಾ?”

“ಮುಂದಕ್ ಹೋಗ್ಬೇಡ. ತೊಲೆ ಎದ್ದದೆ.”

“ಅವಳ್ ಮಾತ್ ಕೇಳ್ಕಂಡು ನೀನೂ ಸುರು ಮಾಡಿದ್ಯಾ?” ಎಂದು ಇನ್ನೊಂದು ಹೆಜ್ಜೆ ಇಟ್ಟ.

ನನ್ನ ಮುಖದ ಮುಂದೆಯೇ ತೊಲೆಯ ತಲೆ ಮೇಲೆದ್ದಿತು. ನಿಧಾನವಾಗಿ, ಮಲಗಿದ ಎತ್ತು ತಲೆಯೆತ್ತಿದ ಹಾಗೆ. ಒಂದು ಅಂಗೈ ತೂರುವಷ್ಟು. ಮಣ್ಣು ಉದುರಿ ಕಣ್ಣಿಗೆ ಬಿತ್ತು. ಹೊರತುದಿಯಿಂದ ಎರಡು ಹಸಿಕಾಯಿ ಉರುಳಿ ಗೂಟದ ಪಕ್ಕ ಧೊಪ್ಪನೆ ಬಿದ್ದವು. ಮಗ ಹಿಂದಕ್ಕೆ ಜಿಗಿದ. ತೊಲೆ ಕಲ್ಲಿನ ಮೇಲೆ ಬಂದು ಬಡಿಯಿತು. ಮನೆಯೇ ಅದುರಿದಂತಾಯಿತು.

“ಈಚೆಗ್ ಬನ್ರೋ ನೀವಿಬ್ರೂ!” ಎಂದು ಮತ್ತೆ ಕೂಗಿದೆ. ಅವರು ಆಗಲೇ ಅಂಗಳದ ಆ ಕೊನೆಯಲ್ಲಿದ್ದರು. ಹೆಂಡತಿ ಗಂಡನ ಅಂಗಿಯನ್ನು ಹಿಡಿದೇ ಇದ್ದಳು.

ಮಗ ಏಣಿಯ ಮೇಲೆ ಕಾಲಿಡಲು ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಇಳಿದುಬಿಡಲಿ ಎಂದೇ ನನಗೂ ಅನ್ನಿಸಿತು. ಆದರೆ ಏತ ನೆನಪಾಯಿತು. ಈ ತುದಿಯ ಮನುಷ್ಯ ಇಳಿದರೆ ಆ ತುದಿ ಕೆಳಗೆ ಹೋಗುತ್ತದೆ. ಅವನ ಒಂದು ಕಾಲು ಏಣಿಯ ಮೇಲಿದ್ದಾಗಲೇ ಅಟ್ಟ ತಲೆ ಎತ್ತಿದರೆ ಏಣಿ, ಮನುಷ್ಯ, ಕಾಯಿ ಎಲ್ಲ ಒಟ್ಟಿಗೆ.

“ಇಳೀಬೇಡ,” ಎಂದೆ. “ಅಲ್ಲೇ ಗೋಡೆಗ್ ಒರಗಿ ಕೂತ್ಕ. ನೀನಿಳಿದ್ರೆ ಏಳ್ತದೆ.”

ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಕಾಲು ಹಿಂದಕ್ಕೆ ತೆಗೆದುಕೊಂಡು, ನಡುತೊಲೆಯ ತಲೆಯ ಮೇಲೆಯೇ ಕೂತ. ಚಿಕ್ಕವನಾಗಿದ್ದಾಗ ಚುಚ್ಚುಮದ್ದಿಗೆ ಕೂರಿಸಿದರೆ ಹೀಗೇ ಉಸಿರು ಬಿಗಿಹಿಡಿದು ಕೂರುತ್ತಿದ್ದ.

ಇಳಿಸಿದ್ದನ್ನೆಲ್ಲ ಮತ್ತೆ ಏರಿಸಬೇಕಾಗಿತ್ತು, ಬೇರೆ ದಾರಿಯಿರಲಿಲ್ಲ. ಹೇಳಿದೆ. ಸುಲಿಯುವವನು ಏಣಿಯ ಹತ್ತಿರ ಬರಲು ಹೆದರಿದ. ಅವನ ಹೆಂಡತಿ, “ನೀನ್ ಅಲ್ಲೇ ನಿಂತ್ಕಂಡು ಮೀಸೆ ತಿರುವ್ಕ. ನಡೀರಿ ಅಜ್ಜಮ್ಮ,” ಎಂದು ಮಂಕರಿ ಎತ್ತಿದಳು. ಆಮೇಲೆ ಅವನೂ ಬಂದ. ಅವಳು ತುಂಬಿ ಕೊಡುವುದು, ಅವನು ಜಗಲಿಯ ಮೇಲೆ ನಿಂತು ಎತ್ತುವುದು, ಮಗ ಕೂತಲ್ಲಿಂದಲೇ ಕಂಡಿಗೆ ಕೈ ಚಾಚಿ ತೆಗೆದು ತನ್ನ ಎರಡೂ ಪಕ್ಕ ಒಟ್ಟಿಕೊಳ್ಳುವುದು. ಹೊರತುದಿಯ ಒಂದು ಕಾಯಿ ಅಲ್ಲಾಡಿದರೂ ಎಲ್ಲರ ಕೈ ನಿಲ್ಲುತ್ತಿತ್ತು. ಗುಂಡಗಿರುವ ಕಾಯಿ ನಿಲ್ಲದೆ ಹೊರಕ್ಕೆ ಉರುಳುತ್ತಿದ್ದವು, ಮಗ ಕಾಲು ಅಡ್ಡವಿಟ್ಟು ತಡೆಯುತ್ತಿದ್ದ. ಸುಲಿದಿದ್ದ ಕಾಯನ್ನೂ ಚೀಲಕ್ಕೆ ತುಂಬಿ ಕೊಟ್ಟೆವು. ಸುಲಿದ ಕಾಯನ್ನು ವಾಪಸು ಅಟ್ಟಕ್ಕೆ ಹಾಕಿದವರು ಈ ಸೀಮೆಯಲ್ಲಿ ನಾವೇ ಇರಬೇಕು.

ನಾನು ತೊಲೆಯ ಪಕ್ಕದಿಂದ ಕದಲಲಿಲ್ಲ. ಗರಿ ಅಲ್ಲೇ ಇತ್ತು, ತೊಲೆ ಬಡಿದಾಗ ಒಳಗೇ ಉಳಿದುಕೊಂಡಿತ್ತು. ಒಂದೊಂದು ಮಂಕರಿ ಏರಿದಾಗಲೂ ಮೆಲ್ಲಗೆ ಎಳೆದು ನೋಡುತ್ತಿದ್ದೆ. ಮೊದಮೊದಲು ಜಾರುತ್ತಿತ್ತು. ಆಮೇಲೆ ತಡೆದು ತಡೆದು ಬಂತು. ಕೊನೆಗೊಮ್ಮೆ ಎಳೆದಾಗ ಬರಲೇ ಇಲ್ಲ. ಇನ್ನೂ ಜೋರಾಗಿ ಎಳೆದೆ. ತುದಿ ಹರಿದು ನನ್ನ ಕೈಗೆ ಬಂತು, ಉಳಿದದ್ದು ಕಲ್ಲಿಗೆ ಕಚ್ಚಿಕೊಂಡಿತು.

“ಇನ್ನೊಂದಿಷ್ಟು ಹಾಕ್ರಿ, ಆಮೇಲ್ ಇಳೀಲಿ,” ಎಂದೆ.

ನಿಮ್ಮಕ್ಕ ತಿಪಟೂರಿನಲ್ಲಿ ಸಿಕ್ಕಿದ ಬಸ್ಸು ಹತ್ತಿ, ನಿಲ್ದಾಣದಿಂದ ಓಡಿಕೊಂಡೇ ಬಂದಳು. ನಾನು ಫೋನು ಬಿಟ್ಟುಹೋದ ಮೇಲೆ ಅವಳು ದಾರಿಯುದ್ದಕ್ಕೂ ಮಾಡುತ್ತಲೇ ಇದ್ದಳಂತೆ, ಎತ್ತುವವರಿರಲಿಲ್ಲ. ಅಂಗಳಕ್ಕೆ ಬಂದಾಗ ಅಪ್ಪ ಇನ್ನೂ ಮೇಲೆಯೇ, ಕಾಯಿಗಳ ನಡುವೆ ತಲೆ ಮಾತ್ರ ಕಾಣುವಂತೆ ಕೂತಿದ್ದ.

“ಅಪ್ಪಾ! ಅಲ್ಯಾಕ್ ಕೂತಿದೀಯಾ?”

“ನಿನ್ ಲೆಕ್ಕದಾಗೆ ಮೈನಸ್ ಬಂದಿತ್ತಲ್ಲವ್ವಾ, ಅದ್ನ ಪ್ಲಸ್ ಮಾಡ್ತಾ ಕೂತಿದೀನಿ,” ಎಂದ. ನಗಿಸಲು ಹೇಳಿದ. ಅವಳು ಅಂಗಳದಲ್ಲೇ ಕೂತು ಅತ್ತಳು.

ಅವನು ಇಳಿದ ಮೇಲೆ ಹೊರತುದಿಯ ಹಸಿಕಾಯನ್ನು ದೂರ ನಿಂತು ದೋಟಿಯಿಂದ ಎಳೆದು ಬೀಳಿಸಿದರು. ವಾರದೊಳಗೆ ಚಿಕ್ಕನಾಯಕನಹಳ್ಳಿಯಿಂದ ವೆಲ್ಡಿಂಗ್ ಅಂಗಡಿಯ ಭಾಯಿ ಬಂದು ಹೊರತುದಿಗೆ ಕಬ್ಬಿಣದ ಕಂಬ ಕೊಟ್ಟರು, ಒಳತುದಿಯನ್ನು ಪಟ್ಟಿ ಹಾಕಿ ಕಲ್ಲಿಗೆ ಬಿಗಿದರು. ಕೆಲಸ ಮುಗಿದ ಮೇಲೆ ನಿಮ್ಮಕ್ಕನನ್ನು, “ಅಬ್ ನೋಡಮ್ಮಾ, ಎಲ್ಲಾ ಪ್ಲಸ್ಸೇನಾ?” ಎಂದು ಕೇಳಿದರು.

ಅವಳು ತಲೆ ಕೆರೆದುಕೊಂಡಳು. “ಗೊತ್ತಿಲ್ಲ ಭಾಯ್. ಮೂರು ಕಡೆ ಆಧಾರ ಬಂದ್ರೆ ನಾನ್ ಕಲ್ತಿರೋ ಲೆಕ್ಕಕ್ಕೆ ಸಿಗಲ್ಲ. ಅದು ಮುಂದಿನ್ ವರ್ಷ ಹೇಳ್ಕೊಡ್ತಾರೆ.”

ಭಾಯಿ ನಕ್ಕರು. ನನ್ನ ಮಗ ನಗಲಿಲ್ಲ.

ಸುಲಿಯುವವರು ಈಗಲೂ ಬರುತ್ತಾರೆ. ಗೂಟವನ್ನು ಹುಣಸೆಮರದ ಕೆಳಗೆ ನೆಟ್ಟುಕೊಳ್ಳುತ್ತಾರೆ, ಎಷ್ಟು ಕರೆದರೂ ಅಟ್ಟದ ನೆರಳಿಗೆ ಬರುವುದಿಲ್ಲ. ಒಣಕಾಯಿ ಇಳಿಸಿ ಮುಗಿದ ಮೇಲೆ ಮಗ ಕಂಬದ ಈಚೆಗೇ ನಿಲ್ಲುತ್ತಾನೆ. ಎಲ್ಲರ ಎದುರಿಗೇ, “ಅವ್ವಾ, ಗರಿ ನೋಡು,” ಎನ್ನುತ್ತಾನೆ. ನಾನು ಜಗಲಿ ಹತ್ತಿ, ಉಳಿದಿರುವ ಚೂರನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತೇನೆ.

“ಬರಲ್ಲ, ಹೋಗು,” ಎಂದು ಕೂಗುತ್ತೇನೆ. ಆಮೇಲೆ ಅವನು ಹೊರತುದಿಗೆ ಹೆಜ್ಜೆ ಇಡುತ್ತಾನೆ.